ಹರಕೆಯ ನಡಿಗೆಗೆ ಮುನ್ನ ಒಂದು ದಿನದ ಬೆಟ್ಟ



ಮಾಘ ಮಾಸ ಸಮೀಪಿಸುತ್ತಿದ್ದಂತೆ ಬಯಲುಸೀಮೆಯ ಮತ್ತು ಮಲೆನಾಡಿನ ಅನೇಕ ಊರುಗಳಲ್ಲಿ ಧರ್ಮಸ್ಥಳದ ಪಾದಯಾತ್ರೆಯ ಮಾತು ಆರಂಭವಾಗುತ್ತದೆ. ಬೆಂಗಳೂರು, ಮಂಡ್ಯ, ಮೈಸೂರು, ತುಮಕೂರು, ಹಾಸನಗಳ ಕಡೆಯಿಂದ ಸಾವಿರಾರು ಜನ ಭಕ್ತರು ಮಹಾಶಿವರಾತ್ರಿಯ ವೇಳೆಗೆ ಮಂಜುನಾಥನ ಸನ್ನಿಧಿಯನ್ನು ತಲುಪುವಂತೆ ಲೆಕ್ಕ ಹಾಕಿಕೊಂಡು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ತಂಡಗಳು ಸೇರುತ್ತವೆ, ಚೀಟಿ ಎತ್ತುತ್ತಾರೆ, ಅಡುಗೆಯ ಸಾಮಾನಿಗೆ ಟೆಂಪೋ ಗೊತ್ತುಮಾಡುತ್ತಾರೆ, ಒಂದೇ ಬಣ್ಣದ ಅಂಗಿ ಹೊಲಿಸುತ್ತಾರೆ, ಬ್ಯಾನರು ಬರೆಸುತ್ತಾರೆ. ಸಿದ್ಧತೆಯಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಆದರೆ ಇಷ್ಟೆಲ್ಲ ಭಾರವನ್ನು ಹೊತ್ತು ನಡೆಯಬೇಕಾದ ಕಾಲುಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವು ಹೊರಡುವ ದಿನದ ಬೆಳಗಿನವರೆಗೆ ಕುರ್ಚಿಯ ಕೆಳಗೆ ನೆಮ್ಮದಿಯಾಗಿ ಮಲಗಿರುತ್ತವೆ.

ದೀರ್ಘ ಪಾದಯಾತ್ರೆಗೆ ಹೊರಡುವ ಪ್ರತಿಯೊಂದು ತಂಡವೂ ಮೂರು ನಾಲ್ಕು ವಾರ ಮೊದಲು ಒಂದು ಇಡೀ ದಿನವನ್ನು ಬೆಟ್ಟದ ಮೇಲೆ ಕಳೆಯತಕ್ಕದ್ದು ಎಂಬುದೇ ಈ ಲೇಖನದ ಒಟ್ಟು ಅಭಿಪ್ರಾಯ. ಬೆಳಗಿನ ಉದ್ಯಾನವನದ ನಾಲ್ಕು ಸುತ್ತು ಇದಕ್ಕೆ ಬದಲಿಯಾಗಲಾರದು. ಯಾತ್ರೆಯಲ್ಲಿ ತೊಡುವ ಪಾದರಕ್ಷೆಯನ್ನೇ ತೊಟ್ಟು, ಹೊರುವ ಚೀಲವನ್ನೇ ಹೊತ್ತು, ಜೊತೆಗೆ ಬರುವವರೊಡನೆಯೇ ಒಂದು ಪರ್ವತ ಸಾಲನ್ನು ಹತ್ತಿ ದಾಟಿ ಇಳಿಯಬೇಕು. ಇದನ್ನು ಹೇಳಿದಾಗಲೆಲ್ಲ ನನಗೆ ದೊರೆಯುವ ಉತ್ತರ ಒಂದೇ: "ಮೇಷ್ಟ್ರೇ, ನಡೆಸುವವನು ಅವನು. ಹರಕೆಗೆಲ್ಲ ಪ್ರಾಕ್ಟೀಸು ಯಾಕೆ?" ಈ ಮಾತನ್ನು ನಾನು ಹಗುರವಾಗಿ ಕಾಣುವವನಲ್ಲ. ಆದುದರಿಂದ ಕೊಂಚ ವಿವರವಾಗಿಯೇ ಉತ್ತರಿಸಬೇಕಾಗಿದೆ.

ಮೊದಲು ದಾರಿಯ ಸ್ವರೂಪವನ್ನು ನೋಡೋಣ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳ ಮೂಲಕ ಹೋಗುವವರು ಚಾರ್ಮಾಡಿ ಘಾಟಿಯನ್ನು ಇಳಿದು ಬೆಳ್ತಂಗಡಿ ತಾಲ್ಲೂಕನ್ನು ಸೇರುತ್ತಾರೆ. ಸಕಲೇಶಪುರದ ಕಡೆಯಿಂದ ಹೋಗುವವರು ಶಿರಾಡಿ ಘಾಟಿಯನ್ನು ಇಳಿಯುತ್ತಾರೆ. ಎರಡೂ ಕಡೆ ಒಂದು ಸಂಗತಿ ಸಮಾನ. ನಾವು ಪ್ರಸ್ಥಭೂಮಿಯಿಂದ ಕರಾವಳಿಗೆ ಹೋಗುತ್ತಿದ್ದೇವೆ. ಅಂದರೆ ಪಶ್ಚಿಮಘಟ್ಟ ನಮಗೆ ಏರುವ ಬೆಟ್ಟವಲ್ಲ, ಇಳಿಯುವ ಬೆಟ್ಟ. ಅದೂ ಮೊದಲ ದಿನ ಎದುರಾಗುವುದಲ್ಲ. ಎರಡು ಮೂರು ದಿನ ಡಾಂಬರು ರಸ್ತೆಯಲ್ಲಿ ನಡೆದು, ಅಂಗಾಲು ಉರಿದು, ಮೀನಖಂಡ ಬಿಗಿದುಕೊಂಡ ಮೇಲೆ ಆ ಇಳಿಜಾರು ಬರುತ್ತದೆ. "ಇನ್ನೇನು, ಘಾಟಿ ಇಳಿದರಾಯಿತು" ಎಂದು ಎಲ್ಲರೂ ಸಮಾಧಾನದ ಉಸಿರು ಬಿಡುವುದು ಅಲ್ಲಿಯೇ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಏರುವವರಿಗೆ ಮಾತ್ರ ಹೇಳಿ ರೂಢಿ. ಇಳಿಯುವವರಿಗೂ ಅದು ಅಷ್ಟೇ ಸಲ್ಲುತ್ತದೆ.

ಏರುವಾಗ ದಣಿಯುವುದು ಎದೆ ಮತ್ತು ಉಸಿರು. ಇಳಿಯುವಾಗ ದಣಿಯುವುದು ತೊಡೆ ಮತ್ತು ಮಂಡಿ. ಏರುವಾಗ ತೊಡೆಯ ಸ್ನಾಯು ಸಂಕುಚಿಸುತ್ತ ದೇಹವನ್ನು ಮೇಲಕ್ಕೆತ್ತುತ್ತದೆ. ಇಳಿಯುವಾಗಲಾದರೋ ಅದೇ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು. ಬಾವಿಗೆ ಬಿಟ್ಟ ಕೊಡವನ್ನು ಹಗ್ಗ ಸಡಿಲಿಸುತ್ತ ನಿಧಾನವಾಗಿ ಇಳಿಸುವ ಕೈಯಂತೆ. ಹೀಗೆ ಹಿಗ್ಗುತ್ತ ದುಡಿದ ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಹಾನಿಗಳಾಗುತ್ತವೆ. ಅದರ ನೋವು ಆ ಕ್ಷಣದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 24 ರಿಂದ 72 ಗಂಟೆಗಳ ನಡುವೆ ಅದು ಪರಾಕಾಷ್ಠೆಗೆ ಬರುತ್ತದೆ. ಘಾಟಿಯನ್ನು ನಗುನಗುತ್ತ ಇಳಿದವರು ಮರುದಿನ ಬೆಳಿಗ್ಗೆ ಛತ್ರದ ಎರಡು ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವುದೇಕೆ ಎಂಬುದಕ್ಕೆ ಇದೇ ಉತ್ತರ.

ಶರೀರಶಾಸ್ತ್ರವು ಇದರ ಜೊತೆಗೇ ಒಂದು ಶುಭವಾರ್ತೆಯನ್ನೂ ಹೇಳುತ್ತದೆ. ಒಮ್ಮೆ ಇಂತಹ ಇಳಿಜಾರಿನ ದುಡಿಮೆಗೆ ಒಳಗಾಗಿ ಚೇತರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರಗಳವರೆಗೆ ಅದೇ ಬಗೆಯ ದುಡಿಮೆಯನ್ನು ಬಹಳ ಕಡಿಮೆ ನೋವಿನಿಂದ ತಾಳಿಕೊಳ್ಳುತ್ತದೆ. ತಿಂಗಳುಗಟ್ಟಲೆ ಅಭ್ಯಾಸವೇ ಬೇಕೆಂದಿಲ್ಲ, ಒಂದೇ ದಿನದ ಇಳಿತಕ್ಕೂ ಈ ಗುಣವಿದೆ. ಬೆಟ್ಟದ ದಿನವನ್ನು ಮೂರು ನಾಲ್ಕು ವಾರ ಮುಂಚೆ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಹಿಂದಿನ ವಾರವೇ ಹೋದರೆ ನೋವು ಪೂರ್ತಿ ಆರಿರುವುದಿಲ್ಲ. ಮೂರು ತಿಂಗಳು ಮೊದಲೇ ಹೋದರೆ ಅದರ ಫಲ ಕರಗಿಹೋಗಿರುತ್ತದೆ. ಶಿವರಾತ್ರಿಗೆ ನಡೆಯುವವರಿಗೆ ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಬಹುಮಟ್ಟಿಗೆ ಸರಿಹೋಗುತ್ತದೆ.

ನಮ್ಮ ತಂಡದಲ್ಲಿ ಹದಿನಾಲ್ಕು ಜನರಿದ್ದೇವೆ. ನಲವತ್ತರಿಂದ ಎಪ್ಪತ್ತರ ಒಳಗಿನವರು. ಬಹುಪಾಲು ನಿವೃತ್ತರು, ಒಂದಿಬ್ಬರು ಅಂಗಡಿಯವರು, ನಾಲ್ವರು ಗೃಹಿಣಿಯರು. ಕೆಲವು ವರ್ಷಗಳಿಂದ ನಾವು ಈ ದಿನಕ್ಕಾಗಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ ಸಾಲನ್ನು ಆರಿಸಿಕೊಂಡಿದ್ದೇವೆ. ಸರ್ಪದಾರಿಯಿಂದ ಬೆಟ್ಟದ ಏಣನ್ನು ಹಿಡಿದು ಮುಳ್ಳಯ್ಯನಗಿರಿಯನ್ನೇರುವುದು, ಗದ್ದುಗೆಗೆ ಕೈಮುಗಿದು ಸೀತಾಳಯ್ಯನಗಿರಿಯ ಕಡೆಗೆ ಇಳಿಯುವುದು, ಅಲ್ಲಿಂದ ಬಾಬಾಬುಡನ್‌ಗಿರಿಯ ದಿಕ್ಕಿಗೆ ಸಾಲಿನುದ್ದಕ್ಕೂ ಸಾಗುವುದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತ್ಯುನ್ನತ ಶಿಖರವೆಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಪ್ಪು ಹಲಗೆಯ ಮೇಲೆ ಅದು ಒಂದು ಅಂಕದ ಪ್ರಶ್ನೆ. ಮಂಡಿಯ ಕೆಳಗೆ ಅದು ಬೇರೆಯೇ ವಿಷಯ. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು, ಮೇಲೆಲ್ಲ ಹುಲ್ಲುಗಾವಲು. ನೆರಳಿಲ್ಲ, ನೀರು ಸಿಕ್ಕುತ್ತದೆಂಬ ಭರವಸೆಯಿಲ್ಲ, ಗಾಳಿ ಮಾತ್ರ ಧಾರಾಳ. ಯಾತ್ರೆಯಲ್ಲಿ ದೇಹ ಎದುರಿಸಬೇಕಾದ ಏರು, ಇಳಿವು, ಬಿಸಿಲು, ಬೇಸರಗಳೆಲ್ಲ ಒಂದೇ ದಿನದಲ್ಲಿ ಅಲ್ಲಿ ದೊರೆಯುತ್ತವೆ. ಇದೇ ಬೆಟ್ಟವಾಗಬೇಕೆಂದೇನೂ ಇಲ್ಲ. ನಿಮ್ಮ ಊರಿಗೆ ಹತ್ತಿರವಾದ ಯಾವ ಬೆಟ್ಟವಾದರೂ ಆದೀತು. ಆದರೆ ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ, ಮುಂಗಡ ನೋಂದಣಿಗಳ ನಿಯಮವನ್ನು ವಿಚಾರಿಸಿಕೊಳ್ಳಿ. ಒಣಹುಲ್ಲಿನ ಕಾಲವಾದುದರಿಂದ ಬೆಂಕಿಯ ಸುದ್ದಿಯೇ ಬೇಡ.

ಬೆಟ್ಟವನ್ನು ಹತ್ತಿ, ಮೇಲೆ ಛಾಯಾಚಿತ್ರ ತೆಗೆದುಕೊಂಡು, ಜೀಪಿನಲ್ಲಿ ಕೆಳಗಿಳಿದು ಬಂದವರು ಅಭ್ಯಾಸ ಮಾಡಿದಂತೆ ಆಗುವುದಿಲ್ಲ. ನಮ್ಮ ಯಾತ್ರೆಗೆ ಬೇಕಾದ ಪಾಠ ಇರುವುದು ಇಳಿಜಾರಿನಲ್ಲಿ. ಅವರು ಬಿಟ್ಟುಬಂದದ್ದು ಆ ಪಾಠವನ್ನೇ.

ಸಮಯದ ಅಂದಾಜನ್ನೂ ಈ ದಿನವೇ ಕಲಿಸುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಇಪ್ಪತ್ತು ಕಿಲೋಮೀಟರ್ ದಾರಿ, 600 ಮೀಟರ್ ಏರು ಎಂದರೆ ಐದು ಗಂಟೆ. ಇದು ಗಟ್ಟಿಮುಟ್ಟಾದವರ ಲೆಕ್ಕ. ವಿಶ್ರಾಂತಿ, ಊಟ, ಫೋಟೋ, ಹರಟೆಗಳಿಗೆ ಇದರಲ್ಲಿ ಸ್ಥಳವಿಲ್ಲ. ನಮ್ಮಂತಹ ಅರವತ್ತು ದಾಟಿದವರ ತಂಡಕ್ಕೆ ಇದರ ಒಂದೂವರೆ ಪಾಲಾದರೂ ಬೇಕು. ನಿಮ್ಮ ತಂಡದ ನಿಜವಾದ ಪಾಲು ಎಷ್ಟೆಂಬುದು ಬೆಟ್ಟದ ದಿನ ತಿಳಿಯುತ್ತದೆ. ಅದನ್ನು ತಿಳಿಯದೆ "ದಿನಕ್ಕೆ ನಲವತ್ತು ಕಿಲೋಮೀಟರ್" ಎಂದು ಕಾಗದದ ಮೇಲೆ ಬರೆದುಕೊಂಡವರು ಕತ್ತಲಾದ ಮೇಲೆಯೂ ಹೆದ್ದಾರಿಯಲ್ಲಿ ನಡೆಯುತ್ತಿರುತ್ತಾರೆ. ತಿರುವುಗಳ ಘಾಟಿಯಲ್ಲಿ, ಇರುಳಿನಲ್ಲಿ, ದಣಿದ ಕಾಲಿನಲ್ಲಿ ವಾಹನಗಳ ನಡುವೆ ನಡೆಯುವುದು ಭಕ್ತಿಯ ಲಕ್ಷಣವಲ್ಲ.

ಇನ್ನು ಪಾದಗಳ ಗಣಿತ. ಒಂದು ಹೆಜ್ಜೆಗೆ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಸುಮಾರು 1,430 ಹೆಜ್ಜೆ. ಮೂವತ್ತು ಕಿಲೋಮೀಟರಿಗೆ ಸುಮಾರು 43,000; ಅಂದರೆ ಪ್ರತಿಯೊಂದು ಪಾದವೂ ದಿನಕ್ಕೆ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಸಲ ನೆಲಕ್ಕೆ ಒತ್ತುತ್ತದೆ. ಕಾಲುಚೀಲದ ಒಂದು ಹೊಲಿಗೆ ತುಸು ಉಬ್ಬಿದ್ದರೆ ಅದು ಇಪ್ಪತ್ತೊಂದು ಸಾವಿರ ಸಲ ಚರ್ಮವನ್ನು ಉಜ್ಜುತ್ತದೆ. ನೀರುಗುಳ್ಳೆಯೇಳಲು ಬೇಕಾದುದು ಮೂರೇ: ಉಜ್ಜುವಿಕೆ, ಬಿಸಿ, ತೇವ. ಯಾತ್ರೆಗೆಂದು ಕೊಂಡ ಹೊಸ ಶೂ ಮೊದಲನೆಯದನ್ನು ಒದಗಿಸುತ್ತದೆ, ಡಾಂಬರು ಎರಡನೆಯದನ್ನು, ಬೆವರು ಮೂರನೆಯದನ್ನು. ಇಳಿಜಾರಿನಲ್ಲಿ ಪಾದವು ಮುಂದಕ್ಕೆ ಜಾರಿ ಬೆರಳುಗಳು ಶೂವಿನ ಮೂತಿಗೆ ಬಡಿಯುತ್ತವೆ, ಉಗುರು ಕಪ್ಪಾಗುತ್ತದೆ. ಶೂ ತುಸು ದೊಡ್ಡದಿರಬೇಕು, ಉಗುರು ಕತ್ತರಿಸಿರಬೇಕು, ಇಳಿಯುವ ಮುನ್ನ ಲಾಡಿಯನ್ನು ಬಿಗಿಯಾಗಿ ಮತ್ತೆ ಕಟ್ಟಬೇಕು. ಇವೆಲ್ಲ ಪುಸ್ತಕದಲ್ಲಿ ಓದಿದರೆ ಮರೆಯುತ್ತವೆ, ಒಮ್ಮೆ ಬೆರಳು ಬಡಿದರೆ ಮರೆಯುವುದಿಲ್ಲ. ಬರಿಗಾಲಿನ ಹರಕೆ ಹೊತ್ತವರಿಗೂ ಇದು ಅನ್ವಯ. ವರ್ಷವಿಡೀ ಚಪ್ಪಲಿಯಲ್ಲಿದ್ದ ಅಂಗಾಲು ಒಂದೇ ಬೆಳಗಿಗೆ ಮಧ್ಯಾಹ್ನದ ಡಾಂಬರನ್ನು ತಾಳಲಾರದು.

ನಮ್ಮ ತಂಡದಲ್ಲಿ ಒಂದು ಕಟ್ಟುನಿಟ್ಟು ಇದೆ. ಬೆಟ್ಟದ ದಿನ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಪ್ರತಿಯೊಬ್ಬರೂ ಶೂ, ಕಾಲುಚೀಲ ಕಳಚಿ ಅಂಗಾಲನ್ನು ಪಕ್ಕದವರಿಗೆ ತೋರಿಸಬೇಕು. ಮೊದಲ ವರ್ಷ ಎಲ್ಲರೂ ನಾಚಿದರು, ನಕ್ಕರು. ಎರಡನೆಯ ವರ್ಷ ನಗು ನಿಂತಿತು. ನಿವೃತ್ತ ಗುಮಾಸ್ತರೊಬ್ಬರ ಹೆಬ್ಬೆರಳಿನ ಬುಡದಲ್ಲಿ ಅರ್ಧ ಅಡಕೆಯಷ್ಟು ದೊಡ್ಡ ಗುಳ್ಳೆ ಎದ್ದು ಒಡೆದು ಕಾಲುಚೀಲ ಕೆಂಪಾಗಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ. "ನೋವೇ ಇಲ್ಲವಲ್ಲ ಮೇಷ್ಟ್ರೇ" ಎಂದರು, ಸಂತೋಷದಿಂದಲೇ. ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ಸ್ಪರ್ಶ ಮತ್ತು ನೋವುಗಳ ಸುದ್ದಿಯನ್ನು ಕಳಿಸುವುದನ್ನು ನಿಲ್ಲಿಸಬಹುದು. ಗಾಯವಾದರೂ ತಿಳಿಯದು, ಆದ ಗಾಯ ಬೇಗ ಮಾಯದು. ಅಂತಹ ಪಾದದಲ್ಲಿ ನೋವಿಲ್ಲವೆಂಬುದು ಸಂತೋಷದ ಸಂಗತಿಯಲ್ಲ.

ಆ ದಿನ ನಾವು ಅಲ್ಲಿಂದಲೇ ರಸ್ತೆಗಿಳಿದು ಅವರನ್ನು ಊರಿಗೆ ಕರೆತಂದೆವು. ವೈದ್ಯರು ಪಾದವನ್ನು ಪರೀಕ್ಷಿಸಿ ಆ ವರ್ಷ ದೀರ್ಘ ನಡಿಗೆ ಕೂಡದೆಂದರು. ಅವರು ಬಹಳ ನೊಂದುಕೊಂಡರು. ತಂಡದಲ್ಲಿ ಕೆಲವರು "ಹರಕೆ ಅರ್ಧಕ್ಕೆ ನಿಂತಿತು" ಎಂದು ಪೇಚಾಡಿದರು. ಕಡೆಗೆ ಅವರ ಪತ್ನಿ ನಮ್ಮೊಡನೆ ಊರಿನಿಂದ ಪೂರ್ತಿ ದಾರಿಯನ್ನು ನಡೆದರು. ಅವರು ಬಸ್ಸಿನಲ್ಲಿ ಉಜಿರೆಗೆ ಬಂದು ಕಾದಿದ್ದರು. ಅಲ್ಲಿಂದ ಕ್ಷೇತ್ರದವರೆಗಿನ ಕೊನೆಯ ಭಾಗವನ್ನು, ವೈದ್ಯರನ್ನು ಕೇಳಿಯೇ, ಹೆಂಡತಿಯ ಜೊತೆಯಲ್ಲಿ ಮೆಲ್ಲಗೆ ನಡೆದರು. ಹರಕೆಯ ಮಾತನ್ನೆತ್ತಿದವರಿಗೆ ಆಕೆ ಹೇಳಿದ್ದು ಇಷ್ಟೇ: "ಮನೆಗೆ ಒಂದೇ ಹರಕೆ. ನಾಲ್ಕು ದಿನ ನಾನು ನಡೆದೆ, ಕೊನೆಯಲ್ಲಿ ಅವರು ಸೇರಿಕೊಂಡರು. ದೇವರು ಕಿಲೋಮೀಟರ್ ಕಲ್ಲು ಎಣಿಸ್ತಾ ಕೂತಿರ್ತಾನಾ?" ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಬರುತ್ತಿರಲಿಲ್ಲ.

ನನ್ನ ವಾದದ ತಿರುಳು ಇಲ್ಲಿದೆ. ಬೆಟ್ಟದ ದಿನದ ಮುಖ್ಯ ಪ್ರಯೋಜನ ಸ್ನಾಯು ಗಟ್ಟಿಯಾಗುವುದಷ್ಟೇ ಅಲ್ಲ. ಹಿಂದಿರುಗಿದರೂ ಅವಮಾನವೆನಿಸದ ಏಕೈಕ ದಿನ ಅದು. ಒಮ್ಮೆ ತೆಂಗಿನಕಾಯಿ ಒಡೆದು, ಊರಿನವರು ಹಾರ ಹಾಕಿ ಕಳಿಸಿದ ಮೇಲೆ ಯಾರೂ ಹಿಂದಿರುಗುವುದಿಲ್ಲ. ಎದೆ ಹಿಡಿದುಕೊಂಡರೂ ನಡೆಯುತ್ತಾರೆ, ತಲೆ ತಿರುಗಿದರೂ ನಡೆಯುತ್ತಾರೆ, ಕಾಲು ಕೊಳೆಯುತ್ತಿದ್ದರೂ ನಡೆಯುತ್ತಾರೆ. ಸಂಗಡಿಗರೂ ಹುರಿದುಂಬಿಸುತ್ತಾರೆಯೇ ವಿನಾ "ಸಾಕು, ಕೂತುಕೋ" ಎನ್ನುವುದಿಲ್ಲ. ದೇಹದ ಮಾತನ್ನು ಕೇಳಲು ಎಲ್ಲರಿಗೂ ಬಿಡುವಿರುವ ದಿನ ಯಾತ್ರೆಗೆ ಮುಂಚೆಯೇ ಇರಬೇಕು. ಎದೆನೋವು, ಏದುಸಿರು, ಕಣ್ಣು ಕತ್ತಲಿಡುವುದು ಆ ದಿನ ಕಂಡುಬಂದರೆ ವೈದ್ಯರನ್ನು ಕಾಣಲು ಇನ್ನೂ ಮೂರು ವಾರ ಉಳಿದಿರುತ್ತದೆ.

"ಹಾಗಾದರೆ ಇದೊಂದು ಪರೀಕ್ಷೆ, ನಪಾಸಾದವರನ್ನು ಕೈಬಿಡುತ್ತೀರಿ" ಎಂದು ಆಕ್ಷೇಪಿಸುವವರಿದ್ದಾರೆ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ನಾವು ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದೆವು. ಅದರಲ್ಲಿ ಕಡಿಮೆ ಅಂಕ ಬಂದ ಮಗುವನ್ನು ಯಾವ ಒಳ್ಳೆಯ ಮೇಷ್ಟರೂ ಮನೆಗೆ ಕಳಿಸುತ್ತಿರಲಿಲ್ಲ. ಯಾವ ಅಧ್ಯಾಯದಲ್ಲಿ ತೊಡಕಿದೆ ಎಂದು ತಿಳಿದುಕೊಂಡು ಅದನ್ನೇ ಮತ್ತೊಮ್ಮೆ ಹೇಳಿಕೊಡುತ್ತಿದ್ದರು. ಬೆಟ್ಟದ ದಿನವೂ ಹಾಗೆಯೇ. ಮಂಡಿ ನೋಯುವವರಿಗೆ ಊರುಗೋಲು, ಚೀಲದ ಭಾರ ತಾಳದವರ ಸಾಮಾನು ಟೆಂಪೋದಲ್ಲಿ, ನಿಧಾನಿಗಳಿಗೆ ಅರ್ಧ ಗಂಟೆ ಮೊದಲೇ ಹೊರಡುವ ಅವಕಾಶ, ಪೂರ್ತಿ ನಡೆಯಲಾಗದವರಿಗೆ ಉಜಿರೆಯಿಂದ ಸೇರಿಕೊಳ್ಳುವ ಏರ್ಪಾಡು. ಯಾರನ್ನೂ ಬಿಡದಿರಲು ಇರುವ ದಾರಿ ಇದು. ಯಾರಿಗೆ ಏನು ಬೇಕೆಂದು ತಿಳಿಯದೆ ಹೊರಟ ತಂಡವೇ ಕಡೆಗೆ ಯಾರನ್ನಾದರೂ ರಸ್ತೆಬದಿಯಲ್ಲಿ ಬಿಟ್ಟುಹೋಗುತ್ತದೆ.

"ನಮ್ಮ ಅಜ್ಜ ಯಾವ ಅಭ್ಯಾಸವೂ ಇಲ್ಲದೆ ನಡೆದು ಹೋಗಿದ್ದರು" ಎಂಬುದು ಎರಡನೆಯ ಆಕ್ಷೇಪ. ಅಜ್ಜನಿಗೆ ಅಭ್ಯಾಸವಿರಲಿಲ್ಲವೆಂದು ಯಾರು ಹೇಳಿದರು? ಹೊಲಕ್ಕೆ, ಸಂತೆಗೆ, ನೆಂಟರ ಊರಿಗೆ ನಡೆದೇ ಹೋಗುತ್ತಿದ್ದ ಆತನ ಬದುಕೇ ಒಂದು ಅಭ್ಯಾಸವಾಗಿತ್ತು. ಇಂದಿಗೂ ದುಡಿಯುವ ರೈತರು, ಕೂಲಿಯವರು ನಮಗಿಂತ ಹಗುರಾಗಿ ನಡೆಯುತ್ತಾರೆ. ನನ್ನ ಮಾತು ಅವರಿಗಲ್ಲ, ಕುರ್ಚಿಯ ಮೇಲೆ ಬದುಕು ಕಳೆದ ನಮ್ಮಂಥವರಿಗೆ. 1930ರ ಮಾರ್ಚ್ 12ರಂದು ಸಬರಮತಿಯಿಂದ 78 ಜನರೊಡನೆ ಹೊರಟ ಗಾಂಧೀಜಿ ಸುಮಾರು 385 ಕಿಲೋಮೀಟರ್ ದೂರದ ದಂಡಿಯನ್ನು ತಲುಪಿದ್ದು ಏಪ್ರಿಲ್ 5ರಂದು. ದಿನಕ್ಕೆ ಸರಾಸರಿ ಹದಿನಾರು ಕಿಲೋಮೀಟರ್ ಮಾತ್ರ. ವಿದ್ಯಾರ್ಥಿದೆಸೆಯಿಂದಲೂ ದಿನವೂ ದೂರ ನಡೆಯುವ ರೂಢಿಯಿದ್ದ, ಅರವತ್ತು ದಾಟಿದ್ದ ಆ ಮಹಾತ್ಮರೇ ಹದಿನಾರಕ್ಕೆ ತೃಪ್ತರಾಗಿದ್ದರೆ, ಆರು ತಿಂಗಳಿಂದ ನಡೆಯದ ನಾವು ನಲವತ್ತಕ್ಕೆ ಕೈಹಾಕುವುದು ಯಾವ ನ್ಯಾಯ?

ಸಂಪ್ರದಾಯವೂ ಬೆಟ್ಟವನ್ನು ಕಡೆಗಣಿಸಿಲ್ಲ. ಪಂಢರಪುರದ ವಾರಕರಿಗಳ ಪಾಲಕಿ ಪುಣೆ ಬಿಟ್ಟ ದಿನ ದಿವೇ ಘಾಟನ್ನೇರಿ ಸಾಸವಡವನ್ನು ತಲುಪುತ್ತದೆ. ಅಲ್ಲಿ ಎರಡು ರಾತ್ರಿ ತಂಗುವುದು ವಾಡಿಕೆ. ಘಾಟಿಯ ನಂತರ ದೇಹಕ್ಕೆ ವಿರಾಮ ದೊರೆಯುವಂತೆ ಆ ಯಾತ್ರೆ ಸಾಗುತ್ತದೆ. ಉತ್ತರ ಕರ್ನಾಟಕದ ಭಕ್ತರು ಯುಗಾದಿಗೆ ನಲ್ಲಮಲ ಅರಣ್ಯದ ಬೆಟ್ಟಗಳನ್ನು ಹಾದು ಶ್ರೀಶೈಲಕ್ಕೆ ನಡೆಯುವುದೂ ಇಂತಹುದೇ ಸಾಹಸ. ಅಲ್ಲಿ ಬೇಸಗೆ ಇನ್ನೂ ಕಠಿಣ. ಆ ದಾರಿಯವರಿಗೂ ನನ್ನ ಸಲಹೆ ಇದೇ.

ಇನ್ನೂ ಕೆಲವು ಸಣ್ಣ ಪಾಠಗಳು ಬೆಟ್ಟದಲ್ಲೇ ಕೈಗೂಡುತ್ತವೆ. ಬಾಯಾರುವ ತನಕ ಕಾಯದೆ, ಹೊಟ್ಟೆ ಬಿರಿಯುವಷ್ಟೂ ಅಲ್ಲದೆ ನೀರು ಕುಡಿಯುವುದು; ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ಕುಸಿಯುವ ಅಪಾಯವಿದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ, ಒಂದೆರಡು ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ಇಳಿಜಾರಿನಲ್ಲಿ ಸಣ್ಣ ಹೆಜ್ಜೆ, ತುಸು ಬಾಗಿದ ಮಂಡಿ. ಹಿಂದಿರುಗುವಾಗ ಡಾಂಬರು ರಸ್ತೆ ಸಿಕ್ಕರೆ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರು ನಡೆಯುವ ರೂಢಿ. ತಂದ ಪ್ಲಾಸ್ಟಿಕ್ಕನ್ನು ಚೀಲದಲ್ಲೇ ಮರಳಿ ತರುವ ಶಿಸ್ತು. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರವೇ ನಿಂತಿದ್ದನ್ನು ಕಂಡಿದ್ದೇವೆ. ಅಷ್ಟು ಸೂಕ್ಷ್ಮವಾದ ಬೆಟ್ಟದಲ್ಲಿ ದೇವರ ಹೆಸರು ಹೇಳುತ್ತ ಎಲೆ, ಲೋಟ, ಬಾಟಲಿಗಳನ್ನು ಎಸೆದು ಹೋಗುವುದು ಯಾವ ಪುಣ್ಯದ ಲೆಕ್ಕಕ್ಕೂ ಸೇರದು.

ಇನ್ನು "ನಡೆಸುವವನು ಅವನು" ಎಂಬ ಮೊದಲ ಮಾತಿಗೆ ಬರೋಣ. ಒಪ್ಪಿದೆ. ಆದರೆ ಅಭಿಷೇಕಕ್ಕೆ ತರುವ ಹಾಲನ್ನು ನಾವು ಸೋಸಿ ತರುತ್ತೇವೆ. ಹೂವಿನಲ್ಲಿ ಬಾಡಿದ್ದನ್ನು ತೆಗೆದುಹಾಕುತ್ತೇವೆ. ನೈವೇದ್ಯದ ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವೆ. ಇದನ್ನೆಲ್ಲ ದೇವರ ಮೇಲಿನ ಅಪನಂಬಿಕೆಯೆಂದು ಯಾರೂ ಹೇಳುವುದಿಲ್ಲ. ಪಾದಯಾತ್ರೆಯಲ್ಲಿ ನಾವು ಅರ್ಪಿಸುವುದು ನಡಿಗೆಯನ್ನು. ಆ ನಡಿಗೆಯನ್ನು ಸಾಧಿಸುವ ಕಾಲುಗಳನ್ನು ಹದಗೊಳಿಸಿಕೊಳ್ಳುವುದೂ ಪೂಜೆಯ ಸಿದ್ಧತೆಯೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಹಾಸ್ಯಕ್ಕೆ ಭಕ್ತರಾದವರು ಗುರಿಯಾಗಬಾರದು.

ಆದುದರಿಂದ ತಂಡದ ಹಿರಿಯರಲ್ಲಿ, ಚೀಟಿ ಎತ್ತುವವರಲ್ಲಿ ನನ್ನ ವಿನಂತಿ ಇಷ್ಟು: ಈ ಸಲ ಅಂಗಿಯ ಬಣ್ಣ ನಿರ್ಧರಿಸುವ ಸಭೆಯಲ್ಲಿಯೇ ಬೆಟ್ಟದ ದಿನವನ್ನೂ ಗೊತ್ತುಮಾಡಿರಿ. ಒಂದು ದಿನದ ಬಸ್ ಚಾರ್ಜು, ಬುತ್ತಿಯ ಚಿತ್ರಾನ್ನ, ಮೊಸರನ್ನ. ಇದಕ್ಕಿಂತ ಹೆಚ್ಚಿನ ಖರ್ಚೇನೂ ಇಲ್ಲ. ಹೋಗುವಾಗ ಶೂ ಜೊತೆಗೆ ನಾಚಿಕೆಯನ್ನೂ ಕಳಚಿಡಲು ಸಿದ್ಧರಾಗಿರಿ. ಹೊರಟ ಹದಿನಾಲ್ಕು ಜನರೂ ಮರಳಿ ಮನೆ ಸೇರಿ, ಮುಂದಿನ ವರ್ಷವೂ ಹದಿನಾಲ್ಕು ಜನರೇ ಹೊರಡುವಂತಾದರೆ ಹರಕೆ ಪೂರ್ಣವಾಯಿತೆಂದು ನಾನು ತಿಳಿಯುತ್ತೇನೆ.

ಎಲ್ಲರ ನಡಿಗೆಯೂ ನಿರ್ವಿಘ್ನವಾಗಲಿ.